ಮಂಗಳವಾರ, ಮೂರರಿಂದ ನಾಲ್ಕೂವರೆ

ಹೆಲ್ಮೆಟ್ಟು ಕಾರಿನ ಗಾಜಿಗೆ ಬಡಿಯಿತು.

ಒಂದು ಸಲ. ಎರಡು ಸಲ!

ಮೂರನೆಯ ಏಟಿಗೆ ಗಾಜು ಬಿರುಕು ಬಿಟ್ಟಿತು.

"ಡೋರ್ ತೆಗೀರಿ ಆಂಟಿ!"

ಜಯನಗರ ನಾಲ್ಕನೇ ಬ್ಲಾಕ್. ಮಂಗಳವಾರ, ಮಧ್ಯಾಹ್ನ ಎರಡೂ ಇಪ್ಪತ್ತು. ಸುತ್ತ ನೂರು ಜನ ಇದ್ದರು. ಒಬ್ಬರೂ ತಿರುಗಿ ನೋಡಲಿಲ್ಲ. ಪಾರ್ಕಿಂಗ್ ಜಗಳ ಅಂದುಕೊಂಡಿರಬೇಕು. ಪಾರ್ಕಿಂಗ್ ಜಗಳ ನೋಡಲು ಇಲ್ಲಿ ಯಾರಿಗೂ ಪುರುಸೊತ್ತಿಲ್ಲ.

"ಏನಪ್ಪಾ ವಿಷಯ?" ಎಂದೆ. ಗಾಜು ಇಳಿಸಲಿಲ್ಲ.

"ಹಿಂದಿನ ಸೀಟಲ್ಲಿ ಯಾರವ್ರೆ?"

"ಅಕ್ಕಿ ಮೂಟೆ."

"ಅಕ್ಕಿ ಮೂಟೆ ಮಲ್ಲಿಗೆ ಮುಡ್ಕೊಂಡೈತಾ?"

ಹುಡುಗ ಚುರುಕು! ಹಿಂದಿನ ಸೀಟಿನ ಕೆಳಗೆ ಬೆಡ್‌ಶೀಟ್ ಹೊದ್ದು ಮಲಗಿದ್ದ ಸೌಮ್ಯಳ ಜಡೆ ಹೊರಗೆ ಬಂದಿತ್ತು. ಜಡೆಯಲ್ಲಿ ಎರಡು ಮೊಳ ಮಲ್ಲಿಗೆ.

ನಾನು ರಿವರ್ಸ್ ಗೇರ್ ಹಾಕಿದೆ.

ಅವನು ತನ್ನ ಬೈಕನ್ನು ನನ್ನ ಕಾರಿನ ಹಿಂದೆ ಅಡ್ಡ ನಿಲ್ಲಿಸಿದ್ದ. ಅದು ನನಗೆ ಗೊತ್ತಿತ್ತು. ನಾನು ಹಿಂದೆ ನೋಡುವುದಿಲ್ಲ ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

ಧಡ್!

ಬೈಕು ಮಲಗಿತು. ಕಾರು ಹೊರಟಿತು.

"ಅಕ್ಕ… ಅವನು ಮೋಹಿತ್! ನಮ್ಮ ಚಿಕ್ಕಪ್ಪನ ಮಗ!" ಕೆಳಗಿನಿಂದ ಸೌಮ್ಯಳ ದನಿ. "ಎಷ್ಟು ಎತ್ತರ ಆಗಿದಾನೆ!"

"ಆಮೇಲೆ ಅಳತೆ ತಗೊಳ್ಳುವಂತೆ. ತಲೆ ತಗ್ಗಿಸು."

ಕನ್ನಡಿಯಲ್ಲಿ ನೋಡಿದೆ. ಬೈಕು ಎದ್ದಿತ್ತು. ಬರುತ್ತಿತ್ತು… ಎಡಕ್ಕೆ ತಿರುಗಿದೆ. ಮತ್ತೆ ಎಡಕ್ಕೆ. ಒನ್‌ವೇಯಲ್ಲಿ ಎದುರು ನುಗ್ಗಿದೆ. ಆಟೋದವನೊಬ್ಬ ನನ್ನ ವಯಸ್ಸನ್ನು ಕೇಳಿದ, ಒಳ್ಳೆಯ ಭಾಷೆಯಲ್ಲಲ್ಲ. ಮುಂದೆ ಒಂದು ಮದುವೆ ಛತ್ರದ ಗೇಟು ತೆರೆದಿತ್ತು. ಒಳಗೆ ನುಗ್ಗಿ ಅಡುಗೆಯವರ ವ್ಯಾನಿನ ಹಿಂದೆ ಕಾರು ನಿಲ್ಲಿಸಿದೆ. ಇಂಜಿನ್ ಆಫ್.

ಬೈಕು ಹೊರಗಡೆ ಗುಡುಗುತ್ತಾ ದಾಟಿ ಹೋಯಿತು.

ಮಂಡಿ ಒತ್ತಿಕೊಂಡೆ. ಬಲ ಮಂಡಿ ಯಾವತ್ತೋ ಹೋಗಿದೆ. ಎಡದ್ದು ಅದರ ಹಿಂದೆಯೇ ಹೊರಟಿದೆ. ನನಗೆ ಅರವತ್ತೊಂದು. ಹೆಸರು ಪಂಕಜಾ. ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದೆ. ಈಗ ಜನರ ಸಣ್ಣಪುಟ್ಟ ಕೆಲಸ ಮಾಡಿಕೊಡುತ್ತೇನೆ. ಓಡಿಹೋದ ಗಂಡನನ್ನು ಹುಡುಕುವುದು, ಮನೆ ಖಾಲಿ ಮಾಡದವನ ಹತ್ತಿರ ಮೆಲ್ಲಗೆ ಮಾತಾಡುವುದು… ಮಧ್ಯಾಹ್ನ ಒಂದು ಗಂಟೆ ಮಲಗಲು ಬಿಟ್ಟರೆ ನನಗೆ ಬೇರೆ ಆಸೆ ಇಲ್ಲ. ಆವತ್ತು ಬಿಡಲಿಲ್ಲ.

"ಎದ್ದೇಳು," ಎಂದೆ. "ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ ಅಕ್ಕ. ಆಣೆಗೂ!"

"ಫೋನ್ ಕೊಡು."

ಕೊಟ್ಟಳು. ವಾಟ್ಸಾಪ್ ಸ್ಟೇಟಸ್ ತೆಗೆದೆ. ಮಸಾಲೆ ದೋಸೆಯ ಫೋಟೋ. ಪಕ್ಕದಲ್ಲಿ ಬೆಣ್ಣೆ. ಹಿಂದೆ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸು ಕಣ್ಣಿಗೆ ಹೊಡೆಯುವ ಹಾಗೆ. ಕೆಳಗೊಂದು ಸಾಲು: 'ಹತ್ತೊಂಬತ್ತು ವರ್ಷ ಆದ್ಮೇಲೆ!'

ನೋಡಿದವರು ಹದಿನಾಲ್ಕು ಜನ. ಅದರಲ್ಲಿ ಒಂದು ಹೆಸರು ರಮ್ಯ ಅತ್ತಿಗೆ.

"ರಮ್ಯ ಅತ್ತಿಗೆ ಒಳ್ಳೇವ್ರು ಅಕ್ಕ. ಅವರು ಹೇಳಲ್ಲ."

"ಅವಳು ಹೇಳಬೇಕಾಗಿಲ್ಲ. ಅವಳ ಫೋನನ್ನು ನಿಮ್ಮಣ್ಣ ನೋಡಿದರೆ ಸಾಕು."

ಸೌಮ್ಯ ಫೋನ್ ಕಿತ್ತುಕೊಂಡು ಸ್ಟೇಟಸ್ ಅಳಿಸಿದಳು. ಬೈಯಲು ಮನಸ್ಸು ಬರಲಿಲ್ಲ. ದೋಸೆ ತಿನ್ನುವಾಗ ಅವಳ ಮುಖ ನೋಡಿದ್ದೆ. ಅದು ಊರಿಗೆಲ್ಲ ಹೇಳಬೇಕು ಅನ್ನಿಸುವಂಥ ಮುಖ.

ವಿಷಯ ಇಷ್ಟು. ಸಾರಕ್ಕಿಯ ಚಿಕ್ಕಬೈರಪ್ಪನ ಮಗಳು ಈ ಸೌಮ್ಯ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದು ಏಳು ಬಿಲ್ಡಿಂಗ್. ಹತ್ತೊಂಬತ್ತು ವರ್ಷದ ಹಿಂದೆ ಇವಳು ಪಕ್ಕದ ಕಾಲೋನಿಯ ಸಿದ್ಧಾರ್ಥನನ್ನು ಮದುವೆಯಾದಳು. ಎರಡು ಬೀದಿ ದೂರ, ಆದರೆ ಬೇರೆ ಜಾತಿ. ಆವತ್ತು ರಿಜಿಸ್ಟರ್ ಆಫೀಸಿನ ಬಾಗಿಲಲ್ಲಿ ಲಾಠಿ ಹಿಡಿದು ನಿಂತವಳು ನಾನು. ರೈಲು ಹತ್ತಿಸಿದವಳೂ ನಾನೇ. ಅವನಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಗುವಾಹಟಿಯಲ್ಲಿ ಸಂಸಾರ.

ಚಿಕ್ಕಬೈರಪ್ಪ ಸಾಯುವಾಗ ಕುಲದವರ ಎದುರು ಮಗ ಶಶಿಧರನ ಕೈಯಲ್ಲಿ ಭಾಷೆ ತಗೊಂಡ. ಅವಳು ಸಾರಕ್ಕಿ, ಬನಶಂಕರಿ ಕಡೆ ಕಾಲಿಟ್ಟರೆ ಆ ಕಾಲು ಉಳಿಯಬಾರದು.

ಸಾಯುವವರು ಎಷ್ಟು ಸಲೀಸಾಗಿ ಕೆಲಸ ಹೇಳಿ ಹೋಗುತ್ತಾರೆ!

ಈಗ ಸಿದ್ಧಾರ್ಥನಿಗೆ ಕೊಚ್ಚಿಗೆ ಟ್ರಾನ್ಸ್‌ಫರ್. ಗಂಡ, ಮಗಳು ಮೊದಲೇ ಹೋಗಿದ್ದರು. ಇವಳು ಮನೆ ಖಾಲಿ ಮಾಡಿ ವಿಮಾನ ಹತ್ತಿದಳು. ಬೆಂಗಳೂರಿನಲ್ಲಿ ಬದಲಿಸಬೇಕು. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಇಳಿದರೆ ರಾತ್ರಿ ಏಳೂ ಐವತ್ತಕ್ಕೆ ಮುಂದಿನದು. ಒಂಬತ್ತೂವರೆ ಗಂಟೆಯ ಸ್ಟಾಪ್‌ಓವರ್. ಬೇರೆ ಜನ ಏರ್‌ಪೋರ್ಟಿನ ಕುರ್ಚಿಯಲ್ಲಿ ನಿದ್ದೆ ಮಾಡುತ್ತಾರೆ. ಇವಳು ಬೋರ್ಡಿಂಗ್ ಪಾಸಿನ ಹಿಂದೆ ಪಟ್ಟಿ ಬರೆದುಕೊಂಡಿದ್ದಳು.

ಒಂದು, ದೋಸೆ. ಎರಡು, ಮಲ್ಲಿಗೆ. ಮೂರು, ಅವ್ವ.

ಮೂರನೆಯದೇ ಕೆಲಸ. ಉಳಿದೆರಡು ಧೈರ್ಯಕ್ಕೆ.

ಅವ್ವ ಗೌರಮ್ಮನ ಕಣ್ಣು ಹೋಗುತ್ತಿದೆ. ಗ್ಲಾಕೋಮಾ. ನಡುವೆ ಒಂದು ನಾಣ್ಯದಷ್ಟು ಜಾಗ ಮಾತ್ರ ಕಾಣುತ್ತದಂತೆ. ದೀಪಾವಳಿ ಹೊತ್ತಿಗೆ ಅದೂ ಇರುವುದಿಲ್ಲ ಅಂದಿದ್ದರು ಡಾಕ್ಟರು. ಅಷ್ಟರೊಳಗೆ ಅವಳು ಮಗಳ ಮುಖ ನೋಡಬೇಕು.

ಪೊಲೀಸಿಗೆ ಹೇಳಬಹುದಿತ್ತಲ್ಲ ಅಂತೀರಾ? ಮೂವತ್ತಾರು ವರ್ಷ ಅಲ್ಲೇ ಇದ್ದವಳು ನಾನು. ಅರ್ಜಿ ಬರೆದು ಸಾಹೇಬರು ಬರುವ ತನಕ ಬೆಂಚಿನ ಮೇಲೆ ಕೂತರೆ ಒಂಬತ್ತೂವರೆ ಗಂಟೆ ಅಲ್ಲೇ ಮುಗಿಯುತ್ತಿತ್ತು.

ನನ್ನ ಹತ್ತಿರ ಬೇರೆ ಪ್ಲ್ಯಾನ್ ಇತ್ತು. ರಾಹುಕಾಲ!

ಮಂಗಳವಾರ ಮೂರರಿಂದ ನಾಲ್ಕೂವರೆ. ಆ ಒಂದೂವರೆ ಗಂಟೆ ಯಾರೂ ಹೊಸ ಕೆಲಸ ಶುರು ಮಾಡುವುದಿಲ್ಲ. ಆದರೆ ಬನಶಂಕರಿ ದೇವಸ್ಥಾನದಲ್ಲಿ ಅದೇ ಹೊತ್ತಿಗೆ ಹೆಂಗಸರು ನಿಂಬೆಹಣ್ಣಿನ ದೀಪ ಹಚ್ಚುತ್ತಾರೆ. ಗೌರಮ್ಮ ಒಂದು ಮಂಗಳವಾರವೂ ತಪ್ಪಿಸಿದವಳಲ್ಲ. ಶಶಿಧರ ರಾಹುಕಾಲದಲ್ಲಿ ಹೊಸ್ತಿಲು ದಾಟಿದವನಲ್ಲ. ಹೆಂಡತಿಗೆ ಹೆರಿಗೆ ನೋವು ಬಂದಾಗ ಕೂಡ ರಾಹುಕಾಲ ಶುರುವಾಗುವ ಐದು ನಿಮಿಷ ಮುಂಚೆ ಅವಳ ಬ್ಯಾಗನ್ನು ಪಕ್ಕದ ಮನೆಗೆ ಕಳಿಸಿದ್ದನಂತೆ. ಬ್ಯಾಗು ಹೊರಟರೆ ಪ್ರಯಾಣ ಹೊರಟ ಲೆಕ್ಕ. ಆಮೇಲೆ ದೋಷವಿಲ್ಲ.

ಈ ಕತೆ ನನಗೆ ಗೊತ್ತಿತ್ತು. ಆದರೂ ಮರೆತೆ. ವಯಸ್ಸಾಯಿತು…

"ವಾಪಸ್ ಏರ್‌ಪೋರ್ಟಿಗೆ ಹೋಗೋಣ," ಎಂದೆ. "ನಿನ್ನ ಕಾಲು ನಿನ್ನ ಹತ್ತಿರವೇ ಇರಲಿ."

"ಅವ್ವ ಇವತ್ತು ಬೆಳಿಗ್ಗೆಯಿಂದ ಉಪವಾಸ ಇದಾಳಂತೆ ಅಕ್ಕ. ನಾನು ಬರ್ತೀನಿ ಅಂತ."

"ಯಾರು ಹೇಳಿದ್ದು?"

"ನಮ್ಮತ್ತೆ."

ಅವಳ ಅತ್ತೆ ಯಲ್ಲಮ್ಮ. ಸಿದ್ಧಾರ್ಥನ ತಾಯಿ. ದೇವಸ್ಥಾನದ ಗೇಟಿನ ಪಕ್ಕ ನಿಂಬೆಹಣ್ಣು ಮಾರುತ್ತಾಳೆ. ಗೌರಮ್ಮ ಹತ್ತೊಂಬತ್ತು ವರ್ಷದಿಂದ ಅವಳ ಹತ್ತಿರವೇ ಕೊಳ್ಳುವುದು. ಚೌಕಾಸಿ ಮಾಡುವ ನೆಪದಲ್ಲಿ ಮಗಳ ಸುದ್ದಿ ಕೇಳುವುದು. ಹಣ್ಣು ಆರಿಸುವ ನೆಪದಲ್ಲಿ ಮೊಮ್ಮಗಳ ಫೋಟೋ ನೋಡುವುದು. ಬೀಗಿತ್ತಿಯರು ಅಂತ ಯಾರಿಗೂ ಗೊತ್ತಾಗಿರಲಿಲ್ಲ. ಒಬ್ಬರನ್ನೊಬ್ಬರು ಹಾಗೆ ಕರೆದೂ ಇರಲಿಲ್ಲ.

ನಾನು ಉಸಿರು ಬಿಟ್ಟೆ. ಕಾರು ಸ್ಟಾರ್ಟ್ ಮಾಡಿದೆ.

ಮೂರಕ್ಕೆ ಐದು ನಿಮಿಷ ಇರುವಾಗ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ಯಲ್ಲಮ್ಮ ಕಾಯುತ್ತಿದ್ದಳು. ಸೊಸೆಯನ್ನು ತಬ್ಬಿಕೊಳ್ಳಲಿಲ್ಲ. ನಿಂಬೆಹಣ್ಣಿನ ಬುಟ್ಟಿಯನ್ನು ಅವಳ ಸೊಂಟಕ್ಕೆ ಏರಿಸಿದಳು. ತನ್ನ ಹಳೇ ಶಾಲನ್ನು ತಲೆ ಮೇಲೆ ಹೊದಿಸಿದಳು.

"ತಲೆ ಬಗ್ಗಿಸ್ಕೊಂಡ್ ಬಾ. ಯಾರಾದ್ರೂ ಕೇಳಿದ್ರೆ ಹತ್ತಕ್ಕೆ ನಾಲ್ಕು ಅನ್ನು."

"ಅತ್ತೆ, ಹತ್ತಕ್ಕೆ ನಾಲ್ಕು ಜಾಸ್ತಿ ಆಗ್ಲಿಲ್ವಾ?"

"ವ್ಯಾಪಾರ ಆಮೇಲೆ ಕಲ್ಸು. ನಡಿಯೇ!"

ಏಳು ಬಿಲ್ಡಿಂಗಿನ ಮನೆಯ ಮಗಳು ಬುಟ್ಟಿ ಹೊತ್ತು ಹೆಂಗಸರ ಗುಂಪಿನೊಳಗೆ ಕರಗಿದಳು. ನಾನು ಕಾರನ್ನು ಕನಕಪುರ ರಸ್ತೆಗೆ ತಿರುಗಿಸಿದೆ.

ಬ್ರೇಕ್ ಒತ್ತಿದೆ!

ಮುಂದಿನ ಗೇಟಿಗೆ ಇಪ್ಪತ್ತು ಅಡಿ ದೂರದಲ್ಲಿ, ಮೆಟ್ರೋ ಕಂಬದ ನೆರಳಲ್ಲಿ ದೊಡ್ಡ ಬಿಳಿ ಕಾರು. ಡ್ರೈವರ್ ಸೀಟಿನಲ್ಲಿ ಶಶಿಧರ. ಬಂಗಾರದ ವಾಚಿನ ಕೈಯನ್ನು ಕಿಟಕಿಯ ಮೇಲೆ ಇಟ್ಟಿದ್ದ. ಪಕ್ಕದಲ್ಲಿ ಮೋಹಿತ್, ಬೈಕಿನ ಮೇಲೆ, ಒಂದು ಮೊಣಕೈ ತರಚಿಕೊಂಡು.

ಶಶಿಧರ ಮೂರಕ್ಕೆ ಮುಂಚೆಯೇ ಮನೆ ಬಿಟ್ಟಿದ್ದ. ಬ್ಯಾಗಿನ ಬದಲು ತಾನೇ ಹೊರಟು ಬಂದಿದ್ದ. ಮೊದಲೇ ಹೊರಟವನಿಗೆ ಎಲ್ಲಿಯ ದೋಷ!

ಅವನ ಪಕ್ಕದ ಸೀಟಿನ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಒಂದು ವಸ್ತು. ಉದ್ದ ಒಂದೂವರೆ ಅಡಿ. ಅದರೊಳಗೆ ಏನಿರುತ್ತದೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ.

ಯೋಚಿಸಿದೆ. ಓಡಲು ನನ್ನ ಮಂಡಿ ಬಿಡುವುದಿಲ್ಲ. ಹೊಡೆದಾಡಲು ವಯಸ್ಸು ಬಿಡುವುದಿಲ್ಲ. ಉಳಿದದ್ದು ಕಾರೊಂದೇ.

ಮೂರು ಗಂಟೆ ಆಗುವ ತನಕ ಕಾದೆ. ಇನ್ನೂ ಏಳು ನಿಮಿಷ ಕಾದೆ. ಆಮೇಲೆ ಮೆಲ್ಲಗೆ ಕ್ಲಚ್ ಬಿಟ್ಟೆ. ನನ್ನ ಹಳೇ ಕಾರು ಅವನ ಹೊಸ ಕಾರಿನ ಹಿಂಭಾಗಕ್ಕೆ ಮುತ್ತಿಕ್ಕಿತು.

ಟಕ್. ಅಷ್ಟೇ. ಬಣ್ಣ ಕೂಡ ಹೋಗಿರಲಿಕ್ಕಿಲ್ಲ.

ಬಾಗಿಲು ತೆರೆಯಿತು. ಶಶಿಧರ ಇಳಿದ. ಬರಿಗೈಯಲ್ಲಿ.

"ಕಣ್ ಕಾಣಲ್ವೇನಮ್ಮಾ…" ಎಂದವನು ನನ್ನ ಮುಖ ನೋಡಿ ನಿಂತ. "ಓಹೋ! ಪಂಕಜಮ್ಮ."

"ನಾನೇ. ಚೆನ್ನಾಗಿದೀಯಾ ಶಶಿಧರ?"

"ಎಲ್ಲಿ ಅವ್ಳು?"

"ಟೈಮ್ ಎಷ್ಟಪ್ಪ?"

ಅವನು ಅಭ್ಯಾಸಬಲದಿಂದ ವಾಚ್ ನೋಡಿದ. ಮುಖದ ಬಣ್ಣ ಬದಲಾಯಿತು.

"ಮೂರೂ ಎಂಟು," ಎಂದೆ. "ಕಾರಲ್ಲಿ ಕೂತಿರೋ ತನಕ ನೀನು ಮನೆಯಿಂದ ಹೊರಟವನು. ಈಗ ಇಳಿದೆ. ಬಂದ ಪ್ರಯಾಣ ಮುಗೀತು. ಇನ್ನು ಒಂದು ಹೆಜ್ಜೆ ಇಟ್ಟರೂ ಅದು ರಾಹುಕಾಲದಲ್ಲಿ ಹೊರಟ ಲೆಕ್ಕ. ಮತ್ತೆ ಕಾರು ಹತ್ತಿದರೂ ಅಷ್ಟೇ. ನನಗೆ ಶಾಸ್ತ್ರ ಗೊತ್ತಿಲ್ಲಪ್ಪ. ನಿಂಗೆ ಗೊತ್ತು."

ಅವನು ಕಾರಿನ ಕಡೆ ನೋಡಿದ. ದೇವಸ್ಥಾನದ ಕಡೆ ನೋಡಿದ. ಕಾಲು ಮಾತ್ರ ಅಲ್ಲಾಡಲಿಲ್ಲ.

ಮೋಹಿತ್ ಬೈಕಿನಿಂದ ಜಿಗಿದ. "ಏನಣ್ಣ, ಈ ಆಂಟಿ ಮಾತ್ ಕೇಳ್ಕೊಂಡು… ಬಾರಣ್ಣ ಒಳಗೆ!"

"ರಾಹುಕಾಲ ಕಣೋ."

"ನೀನ್ ರಾಹುಕಾಲ ಹಿಡ್ಕೊಂಡಿರು. ನಂಗೆ ಅದೆಲ್ಲ ಇಲ್ಲ."

ಚಪ್ಪಲಿ ಬಿಟ್ಟ. ಓಡಿದ!

ನಾನೂ ಓಡಿದೆ. ಅಂದರೆ, ನೋಡಿದವರು ಕುಂಟಿದಳು ಅನ್ನುತ್ತಿದ್ದರು.

ದೇವಸ್ಥಾನದ ಅಂಗಳ ತುಂಬ ಹೆಂಗಸರು. ನೆಲದ ತುಂಬ ದೀಪ. ಹಿಂಡಿದ ಅರ್ಧ ನಿಂಬೆಹಣ್ಣು, ಸಿಪ್ಪೆ ತಿರುವಿ ಮಾಡಿದ ಬಟ್ಟಲು, ಅದರೊಳಗೆ ತುಪ್ಪ ಮತ್ತು ಬತ್ತಿ. ಕಾಲಿಡಲು ಅರ್ಧ ಅಡಿ ಜಾಗವಿಲ್ಲ. ಮೋಹಿತನಂಥ ಮೋಹಿತನೂ ತುದಿಗಾಲಲ್ಲಿ ನಡೆಯಬೇಕಾಯಿತು. ಹೆಂಗಸರು ಬಿಡುತ್ತಾರೆಯೇ!

"ಏಯ್, ಸೀರೆ ತುಳೀಬೇಡ!"

"ಗಂಡಸ್ರಿಗೆ ಏನ್ ಕೆಲ್ಸಾನೋ ಇಲ್ಲಿ?"

"ಸಾರಿ ಆಂಟಿ… ಸಾರಿ ಅಕ್ಕ…"

ಮೂಲೆಯಲ್ಲಿ ಗೌರಮ್ಮ ಕೂತಿದ್ದಳು. ಪಕ್ಕದಲ್ಲಿ ಶಾಲು ಹೊದ್ದ ಸೌಮ್ಯ. ಅಳು ಇಲ್ಲ, ಗೋಳು ಇಲ್ಲ. ಮುದುಕಿ ಎಡಗೈಯಲ್ಲಿ ಮಗಳ ಗಲ್ಲ ಹಿಡಿದು, ಬಲಗೈಯಲ್ಲಿ ಒಂದು ದೀಪ ಎತ್ತಿ, ಮುಖವನ್ನು ಚೂರುಚೂರಾಗಿ ನೋಡುತ್ತಿದ್ದಳು.

"ಮೂಗು ನೋಡ್ದೆ. ಈಗ ಕಣ್ಣು ತೋರ್ಸು… ಇತ್ಲಾಗೆ. ಹ್ಞಾಂ. ಈ ಮಚ್ಚೆ ಮೊದ್ಲು ಇರ್ಲಿಲ್ವಲ್ಲೇ?"

"ಅದು ಸುಟ್ಟ ಕಲೆ ಅವ್ವ."

"ಅಡ್ಗೆ ಇನ್ನೂ ಕಲ್ತಿಲ್ಲ ಅನ್ನು. ಎಷ್ಟೊತ್ತು ಐತೆ ನಿಂಗೆ?"

"ಐವತ್ತು ನಿಮಿಷ."

"ಸಾಕು ಬಿಡು. ನಿನ್ನ ಹೆರೋಕೂ ಇಷ್ಟೊತ್ತು ಹಿಡೀಲಿಲ್ಲ."

ಮೋಹಿತ್ ತಲುಪಿದ. ಸೌಮ್ಯಳ ತೋಳಿಗೆ ಕೈ ಚಾಚಿದ.

ನಾನು ಇನ್ನೂ ಹತ್ತು ಅಡಿ ದೂರ. ಆಗಲಿಲ್ಲ… ತಲುಪುವುದು ಆಗಲಿಲ್ಲ!

ಗೌರಮ್ಮ ತಲೆ ಎತ್ತಿದಳು. "ಯಾರು? ಮೋಹಿತನಾ? ಒಳ್ಳೆ ಹೊತ್ಗೆ ಬಂದೆ ಮಗಾ. ಹಿಡ್ಕೋ."

ಒಂಬತ್ತು ದೀಪ ಉರಿಯುತ್ತಿದ್ದ ತಟ್ಟೆಯನ್ನು ಎತ್ತಿ ಅವನ ಎರಡೂ ಕೈಗೆ ಇಟ್ಟಳು.

"ದೊಡ್ಡವ್ವ, ಇದು…"

"ಕೆಳಗಿಡ್ಬೇಡ. ಆರುಸ್ಬೇಡ. ನಿಮ್ಮಣ್ಣನ್ ಹೆಸರಲ್ಲಿ ಹಚ್ಚಿರೋದು. ನಾನು ಹೇಳೋ ತನಕ ಹಿಂಗೇ ನಿಂತಿರು."

ರಾಹುಕಾಲ ನಂಬದವನು ಇರಬಹುದು. ಆದರೆ ಅಣ್ಣನ ಹೆಸರಿನ ದೀಪವನ್ನು ನೂರು ಹೆಂಗಸರ ಎದುರು ಊದಿ ಆರಿಸುವವನು ಸಾರಕ್ಕಿಯಲ್ಲಿ ಇನ್ನೂ ಹುಟ್ಟಿಲ್ಲ. ಮೋಹಿತ್ ನಿಂತ. ಕೈ ನಡುಗಿದರೆ ತುಪ್ಪ ಚೆಲ್ಲುತ್ತದೆ ಅಂತ ಉಸಿರು ಕೂಡ ಹಗುರವಾಗಿ ಬಿಟ್ಟ.

"ಬೆವರು ಒರೆಸ್ಲಾ?" ಎಂದು ಕೇಳಿದೆ.

"ಬೇಡ ಆಂಟಿ," ಎಂದ. ಅಳುವ ದನಿ.

ದೀಪ ಸಣ್ಣಗಾಗುತ್ತಿತ್ತು. ನಾನು ತುಪ್ಪದ ಪ್ಯಾಕೆಟ್ ಹಲ್ಲಿನಲ್ಲಿ ಹರಿದು ಇನ್ನಷ್ಟು ಹಾಕಿದೆ. ಆಮೇಲೂ ಎರಡು ಸಲ ಹಾಕಿದೆ.

ಅವರಿಬ್ಬರು ಏನು ಮಾತಾಡಿದರು ಅಂತ ನನ್ನನ್ನು ಕೇಳಬೇಡಿ. ನಾನು ಗಡಿಯಾರ ನೋಡುತ್ತಿದ್ದೆ. ನನ್ನ ಕೆಲಸ ಅದು.

ನಾಲ್ಕೂ ಐದು. "ಏಳಮ್ಮ," ಎಂದೆ.

ಸೌಮ್ಯ ಏಳಲಿಲ್ಲ. ಗೌರಮ್ಮನೇ ತನ್ನನ್ನು ಹಿಡಿದಿದ್ದ ಮಗಳ ಕೈಯನ್ನು ಬಿಡಿಸಿ, ಹಿಂದೆ ಬಂದು ನಿಂತಿದ್ದ ಯಲ್ಲಮ್ಮನ ಕಡೆಗೆ ಚಾಚಿದಳು. ದನಿ ಎತ್ತರಿಸಿಯೇ ಹೇಳಿದಳು. ಸುತ್ತ ಕೂತವರಿಗೆಲ್ಲ ಕೇಳಿಸಿತು.

"ಕರ್ಕೊಂಡ್ ಹೋಗು ಬೀಗಿತ್ತಿ."

ಯಲ್ಲಮ್ಮನ ಕೈಯಲ್ಲಿದ್ದ ನಿಂಬೆಹಣ್ಣು ಕೆಳಗೆ ಬಿತ್ತು. ಹತ್ತಕ್ಕೆ ನಾಲ್ಕರಲ್ಲಿ ಒಂದು.

ಹೊರಗೆ ಬಂದೆವು. ಬೇರೆ ದಾರಿ ಇರಲಿಲ್ಲ. ನನ್ನ ಕಾರು ಅವನ ಕಾರಿನ ಬೆನ್ನಿಗೇ ನಿಂತಿತ್ತು. ಶಶಿಧರ ಇಳಿದ ಜಾಗದಲ್ಲೇ ಇದ್ದ. ಬಿಸಿಲು ಸರಿದು ಅವನ ಮುಖಕ್ಕೆ ಬಂದಿತ್ತು. ಅವನು ಸರಿದಿರಲಿಲ್ಲ. ಕಾರಿನ ಬಾಗಿಲು ಕೈಗೆಟುಕುವಷ್ಟು ಹತ್ತಿರ. ಅದರೊಳಗೆ ಗೋಣಿಚೀಲ.

ನಾನು ಮಧ್ಯೆ ನಡೆದೆ. ಏಟು ಬಿದ್ದರೆ ನನ್ನ ಮಂಡಿಗೆ ಬೀಳಲಿ. ಅದು ಹೇಗೂ ಹೋಗಿದೆ.

ಹತ್ತು ಅಡಿ. ಐದು ಅಡಿ…

ಸೌಮ್ಯ ನಿಂತುಬಿಟ್ಟಳು. ಎಳೆದೆ. ಬರಲಿಲ್ಲ.

"ಅಣ್ಣ."

ಅವನು ವಾಚ್ ನೋಡಿದ.

"ಅವ್ವನ ಕಣ್ಣಿಗೆ ಡ್ರಾಪ್ಸ್ ದಿನಾ ಹಾಕ್ತಿದೀಯಾ?"

"ಎರಡ್ ಹೊತ್ತೂ." ವಾಚಿನಿಂದ ಕಣ್ಣು ತೆಗೆಯಲಿಲ್ಲ. "ಮಗಳು ಯಾವ ಕ್ಲಾಸು?" ಎಂದ.

"ಒಂಬತ್ತು."

"ಹ್ಞೂಂ." ನನ್ನ ಕಡೆ ತಿರುಗಿದ. "ಪಂಕಜಮ್ಮ, ನಾಲ್ಕೂವರೆಗೆ ನಾನು ಕಾರ್ ಹತ್ತುತೀನಿ. ಭಾಷೆ ಕೊಟ್ಟಿದೀನಿ ನಾನು. ಅಷ್ಟರೊಳಗೆ ಸೌತ್ ಎಂಡ್ ಸರ್ಕಲ್ ದಾಟಿ ನಮ್ಮ ಕಡೆ ಬಿಟ್ಟಿರ್ಬೇಕು. ನೀವು ಬೇರೆ ನಿಧಾನಕ್ಕೆ ಓಡುಸ್ತೀರ."

"ನಿನ್ನ ತಮ್ಮನ್ನ ಕೇಳು. ಗೊತ್ತಾಗುತ್ತೆ," ಎಂದೆ.

ನಾಲ್ಕೂ ಇಪ್ಪತ್ತೆಂಟಕ್ಕೆ ಸೌತ್ ಎಂಡ್ ದಾಟಿದೆ. ಕನ್ನಡಿ ನೋಡುತ್ತಲೇ ಓಡಿಸಿದೆ. ಲಾಲ್‌ಬಾಗ್. ಆಮೇಲೆ ಕಾರ್ಪೊರೇಷನ್. ಬಿಳಿ ಕಾರು ಕಂಡಾಗಲೆಲ್ಲ ಲೇನ್ ಬದಲಿಸಿದೆ. ಈ ಊರಿನಲ್ಲಿ ಎಷ್ಟೊಂದು ಬಿಳಿ ಕಾರುಗಳಪ್ಪಾ! ಹೆಬ್ಬಾಳದಲ್ಲಿ ಇಪ್ಪತ್ತು ನಿಮಿಷ ನಿಂತೆವು. ಬಂದಿದ್ದರೆ ಅಲ್ಲಿ ಸಿಗುತ್ತಿದ್ದೆವು. ಯಾರೂ ಬರಲಿಲ್ಲ.

ದಾರಿ ಉದ್ದಕ್ಕೂ ಒಂದು ಮಾತು ತಲೆ ಕೊರೆಯುತ್ತಿತ್ತು. ಅವ್ವ ಅಂಗಳದ ಯಾವ ಮೂಲೆಯಲ್ಲಿ ಕೂರುತ್ತಾಳೆ ಅಂತ ಶಶಿಧರನಿಗೆ ಗೊತ್ತು. ಮೊದಲೇ ಹೋಗಿ ಅಲ್ಲೇ ಕೂರಬಹುದಿತ್ತು. ಕಾರಿನಲ್ಲಿ ಯಾಕೆ ಕೂತ? ಆಮೇಲೆ, ಬಣ್ಣ ಕೂಡ ಹೋಗದ ಡಿಕ್ಕಿಗೆ ಯಾರೂ ಅಷ್ಟು ಬೇಗ ಇಳಿಯುವುದಿಲ್ಲ. ಮಚ್ಚು ತಂದವನು ಅದನ್ನು ಸೀಟಿನ ಮೇಲೆ ಬಿಟ್ಟು ಇಳಿಯುವುದೂ ಇಲ್ಲ.

ಏರ್‌ಪೋರ್ಟ್ ಮುಟ್ಟಿದಾಗ ಆರೂ ನಲವತ್ತು. ಸೌಮ್ಯ ಬೋರ್ಡಿಂಗ್ ಪಾಸ್ ತಿರುಗಿಸಿ ಮೂರನೆಯ ಸಾಲಿನ ಮೇಲೆ ಗೆರೆ ಎಳೆದಳು. ಬ್ಯಾಗಿನಿಂದ ಅಸ್ಸಾಂ ಚಹಾದ ಡಬ್ಬಿ ತೆಗೆದು ಕೊಟ್ಟಳು. ಅದೇ ನನ್ನ ಫೀಸು. ಬಿರುಕು ಬಿಟ್ಟ ಗಾಜಿಗೆ ಬೇರೆ ಕೊಡುತ್ತೇನೆ ಅಂದಳು. ಹೋಗೇ ಅಂದೆ.

ಹೋದಳು. ಎರಡು ಕಾಲಲ್ಲೂ ನಡೆದುಕೊಂಡು.

ಕಾರಿನಲ್ಲಿ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದೆ. ಫೋನ್ ಬಂತು. ಯಲ್ಲಮ್ಮ.

"ಹತ್ತಿದ್ಲಾ?"

"ಒಳಗೆ ಹೋದಳು. ಅಲ್ಲಿ ಏನು ಕತೆ?"

"ಗೌರಮ್ಮನ್ನ ಆ ಹುಡ್ಗ ಬೈಕಲ್ಲಿ ಮನೆಗೆ ಕರ್ಕೊಂಡ್ ಹೋದ. ಕೈಗೆಲ್ಲ ಬರ್ನಾಲ್ ಬಳ್ಕೊಂಡವ್ನೆ ಪಾಪ. ನಾನೂ ಬುಟ್ಟಿ ಎತ್ತಿದೆ. ಆದ್ರೆ ಅಕ್ಕ, ಆ ಶಶಿಧರ… ಇನ್ನೂ ಅಲ್ಲೇ ನಿಂತವ್ನೆ. ಅದೇ ಜಾಗ. ಯಾರಾದ್ರೂ ಅವ್ನಿಗೆ ಹೇಳ್ಬೇಕಲ್ವಾ, ರಾಹುಕಾಲ ಮುಗ್ದು ಎರಡು ಗಂಟೆ ಆಯ್ತು ಅಂತ?"

"ನೀನು ಮನೆಗೆ ಹೋಗು ಯಲ್ಲಮ್ಮ," ಎಂದೆ. "ವಾಚು ಅವನ ಕೈಯಲ್ಲೇ ಇದೆ."